ಎತ್ತಿಗೊಂದು ಗುಡ್ಡದ ದಾರಿ

"ಏನ್ ಗೌಡ್ರೇ, ಎತ್ತಿಗೂ ವಾಕಿಂಗಾ?" ಅಂತ ನಮ್ಮೂರಿನವರು ಈಗಲೂ ನಗುತ್ತಾರೆ. ನಗಲಿ. ಬೆಳಿಗ್ಗೆ ಆರು ಗಂಟೆಗೆ ಎರಡು ಎತ್ತನ್ನು ಒಂದರ ಹಿಂದೆ ಒಂದು ಹಿಡಿದುಕೊಂಡು, ಉಳುಮೆಯೂ ಇಲ್ಲದೆ ಗಾಡಿಯೂ ಇಲ್ಲದೆ ಸುಮ್ಮನೆ ಗುಡ್ಡ ಹತ್ತಿ ಇಳಿಯುವವನನ್ನು ಕಂಡರೆ ಯಾರಿಗಾದರೂ ನಗು ಬರಬೇಕಾದ್ದೇ. ಆದರೆ ನಾನು ಈ ದಾರಿ ಮಾಡಿದ್ದು ಶೋಕಿಗಲ್ಲ. ಒಂದು ಎತ್ತಿನ ಕಾಲು ಹೋದ ಮೇಲೆ ಬಂದ ಬುದ್ಧಿ ಇದು.

ನಮ್ಮದು ಕುಣಿಗಲ್ ತಾಲ್ಲೂಕು. ಮೂರೂವರೆ ಎಕರೆ ಖುಷ್ಕಿ. ರಾಗಿ, ಅದರೊಳಗೆ ಅವರೆ ಸಾಲು, ಒಂದಿಷ್ಟು ಹುರುಳಿ. ಮನೆ ಹಿಂದೆ ಒಂದೂವರೆ ಎಕರೆ ಕಲ್ಲು ಗುಡ್ಡ, ಅದೂ ನಮ್ಮ ಖಾತೆಯದೇ. ಬೋರ್ ಇಲ್ಲ. 2017ರ ಶಿವರಾತ್ರಿಯಲ್ಲಿ ಸಿದ್ಧಗಂಗೆ ಜಾತ್ರೆಯಿಂದ ಒಂದು ಜೊತೆ ಹಳ್ಳಿಕಾರ್ ತಂದೆ. ಬಸವ, ಚೆನ್ನ ಅಂತ ಹೆಸರಿಟ್ಟೆವು.

ನಿಂತ ಎತ್ತು ಕೆಡುತ್ತದೆ

ನಮ್ಮಪ್ಪನ ಕಾಲದಲ್ಲಿ ಎತ್ತಿಗೆ ವರ್ಷವೆಲ್ಲ ಏನಾದರೊಂದು ಕೆಲಸ ಇರುತ್ತಿತ್ತು. ಸುಗ್ಗಿ ಮುಗಿದರೆ ಕಣ, ಕಣ ಮುಗಿದರೆ ಗೊಬ್ಬರದ ಗಾಡಿ, ಅಷ್ಟರಲ್ಲಿ ಅಶ್ವಿನಿ ಮಳೆ ಬಿದ್ದರೆ ಉಳುಮೆ. ಈಗ ಉಳುಮೆಗೆ ಟ್ರ್ಯಾಕ್ಟರ್, ಗೊಬ್ಬರಕ್ಕೂ ಟ್ರ್ಯಾಕ್ಟರ್, ಒಕ್ಕಣೆಗೂ ಮಿಷನ್ನು. ಎತ್ತಿಗೆ ಉಳಿದದ್ದು ಕೂರಿಗೆ ಮತ್ತು ಕುಂಟೆ. ಆ ಕೆಲಸ ಬರುವುದು ಪುನರ್ವಸು, ಪುಷ್ಯ ಮಳೆಗೆ. ಅಲ್ಲಿಯ ತನಕ ನಾಲ್ಕೈದು ತಿಂಗಳು ಗೂಟದಲ್ಲಿ ನಿಂತೇ ಇರುತ್ತವೆ. ನಾವೂ ಪ್ರೀತಿಯಿಂದ ಹಿಂಡಿ, ಹುರುಳಿ ಇಟ್ಟು ಮೈ ಬರಿಸುತ್ತೇವೆ. ನೋಡುವುದಕ್ಕೆ ಎತ್ತು ಗುಂಡಗೆ ಚೆಂದ. ಒಳಗೆ ಕಾಲಿನಲ್ಲಿ ಕಸುವಿಲ್ಲ.

2019ರಲ್ಲಿ ಪುನರ್ವಸು ಮಳೆ ಚೆನ್ನಾಗಿ ಬಿತ್ತು. ಹದ ಹೋದರೆ ಮತ್ತೆ ಸಿಕ್ಕೋದಿಲ್ಲ ಅಂತ ನಿಂತಿದ್ದ ಎತ್ತಿಗೆ ಒಮ್ಮೆಲೇ ನೊಗ ಹಾಕಿದೆ. ಬೆಳಗಿನಿಂದ ಸಂಜೆವರೆಗೆ ಎರಡು ದಿನ ಕೂರಿಗೆ ಹೊಡೆದೆ. ಮೂರನೇ ದಿನ ಹತ್ತು ಗಂಟೆಗೆ ಚೆನ್ನ ಸಾಲಿನ ನಡುವೆ ನಿಂತುಬಿಟ್ಟ. ಮುಂದಿನ ಬಲಗಾಲು ಊರುತ್ತಿಲ್ಲ. ಮೊಣಕಾಲಿನ ಕೆಳಗೆ ಹಿಂಬದಿಯ ನರ ಊದಿ, ಮುಟ್ಟಿದರೆ ಕಾದ ಹಂಚಿನ ಹಾಗಿತ್ತು. ಡಾಕ್ಟರು ಬಂದು ನೋಡಿ, ಮೂಳೆಗೆ ಮಾಂಸಖಂಡ ಹಿಡಿಸುವ ನರ ಎಳೆದಿದೆ, ತಿಂಗಳುಗಟ್ಟಲೆ ಕೆಲಸ ಬಿಡಿಸಬೇಕು ಅಂದರು.

ಒಂಟಿ ಎತ್ತಿನಿಂದ ಏನು ಮಾಡೋದು? ಊರಲ್ಲಿ ಎಲ್ಲರಿಗೂ ಅದೇ ದಿನ ಬಿತ್ತನೆ. ಬೇರೆಯವರ ಎತ್ತು ಸಿಕ್ಕುವಷ್ಟರಲ್ಲಿ ಹದ ಆರಿತ್ತು. ಉಳಿದ ಎಕರೆ ತಡವಾಗಿ ಬಿತ್ತಿ, ತೆನೆ ಕಟ್ಟುವ ಹೊತ್ತಿಗೆ ಮಳೆ ಸಾಲದೆ ಅರ್ಧ ಜೊಳ್ಳು. ಮುಂದಿನ ಶಿವರಾತ್ರಿಗೆ ಮನೆಯವಳ ಓಲೆ ಅಡ ಇಟ್ಟು ಬಸವನ ಜೊತೆಗೆ ಇನ್ನೊಂದು ಹೋರಿ ತಂದೆ. ತಪ್ಪು ಎತ್ತಿನದಲ್ಲ, ನನ್ನದು.

ಕುದುರೆ ನೋಡಿಕೊಂಡವರ ಮಾತು

ಕುಣಿಗಲ್ ಅಂದರೆ ಕುದುರೆಗೆ ಹೆಸರಾದ ಊರು. ಟಿಪ್ಪು ಸುಲ್ತಾನನ ಕಾಲದಿಂದ ಅಲ್ಲಿ ಕುದುರೆ ಸಾಕಿದ್ದಾರೆ. ನಮ್ಮ ಅಕ್ಕನ ಗಂಡ ಸುಮಾರು ವರ್ಷ ಕುದುರೆ ಲಾಯದ ಕೆಲಸ ಮಾಡಿದವರು. ಚೆನ್ನನ ಕಾಲು ನೋಡಲು ಬಂದಾಗ ನನ್ನನ್ನೇ ಕೇಳಿದರು: "ಅಲ್ಲಪ್ಪ, ಐದು ತಿಂಗಳು ಕೂತಿದ್ದವನನ್ನ ಎಬ್ಬಿಸಿ ಎರಡು ದಿನ ಮೂಟೆ ಹೊರಿಸಿದರೆ ನೀನಾದ್ರೂ ತಡೀತೀಯಾ?"

"ಅದು ಎತ್ತಲ್ವಾ ಭಾವ" ಅಂದೆ.

"ಎತ್ತಾದ್ರೇನು, ಕುದುರೆ ಆದ್ರೇನು. ಕುದುರೇನ ಓಡಿಸೋಕೆ ಮುಂಚೆ ತಿಂಗಳುಗಟ್ಟಲೆ ನಡೆಸ್ತಾರೆ. ಉಸಿರು ಬೇಗ ಬಲೀತದೆ. ಆಮೇಲೆ ಮಾಂಸ ಬಲೀತದೆ. ನರ, ಮೂಳೆ, ಗೊರಸು ಬಲಿಯೋದು ಕಟ್ಟಕಡೆಗೆ. ಉಸಿರು ಚೆನ್ನಾಗದೆ ಅಂತ ನೀವು ಎಳೆಸ್ತೀರ, ನರ ಇನ್ನೂ ಹಸಿ ಇರ್ತದೆ. ಅಲ್ಲೇ ಕಾಲು ಹೋಗೋದು."

ಸಣ್ಣ ಏರಿನಲ್ಲಿ ನಿಧಾನ ನಡೆಸುವುದು ಒಳ್ಳೆಯದು ಅಂತಲೂ ಅವರೇ ಹೇಳಿದ್ದು. ಏರು ಹತ್ತುವಾಗ ಹಿಂಗಾಲು, ತೊಡೆ, ಸೊಂಟ ಮತ್ತು ಎದೆಗೆ ಕೆಲಸ. ನೊಗ ಎಳೆಯುವಾಗಲೂ ಬೇಕಾಗುವುದು ಅದೇ ಬಲ. ವೇಗ ಇಲ್ಲದ್ದರಿಂದ ಕೀಲಿಗೆ ಏಟಿಲ್ಲ. ಇಳಿಯುವಾಗ ಭಾರ ಮುಂಗಾಲಿಗೆ ಬೀಳುತ್ತದೆ, ಅಲ್ಲಿ ಮಾತ್ರ ಜೋಪಾನ.

ಮೊದಲು ಮಾಡಿದ ದಾರಿ ಚರಂಡಿಯಾಯಿತು

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ ಬೆಂಗಳೂರಿನಲ್ಲಿದ್ದ ಮಗ ಊರಿಗೆ ಬಂದ. ಕೈಯಲ್ಲಿ ಕೆಲಸ ಇಲ್ಲ. ಇಬ್ಬರೂ ಸೇರಿ ಮನೆ ಹಿಂದಿನ ಗುಡ್ಡದಲ್ಲಿ ಮೇಕೆ ಹತ್ತುತ್ತಿದ್ದ ಜಾಡನ್ನೇ ಅಗಲ ಮಾಡಿದೆವು. ಬುಡದಿಂದ ನೆತ್ತಿಗೆ ನೆಟ್ಟಗೆ ನೂರೈವತ್ತು ಅಡಿ. ವಾರದಲ್ಲಿ ಕೆಲಸ ಮುಗಿಯಿತು ಅಂತ ಮೀಸೆ ತಿರುವಿದೆ.

ಎತ್ತು ಹತ್ತಲು ಏದುಸಿರು ಬಿಟ್ಟವು. ಇಳಿಯುವಾಗ ಗೊರಸು ಜಾರಿ ಕಣ್ಣು ಕಣ್ಣು ಬಿಟ್ಟವು. ಮಳೆಗಾಲ ಬಂತು. ದಾರಿ ಗಟ್ಟಿಯಾದ ನೆಲ, ಮೇಲೆ ಹುಲ್ಲಿಲ್ಲ, ನೆಟ್ಟಗೆ ಇಳಿಜಾರು. ನೀರಿಗೆ ಇನ್ನೇನು ಬೇಕು? ಚಿತ್ತೆ ಮಳೆ ಮುಗಿಯುವಷ್ಟರಲ್ಲಿ ದಾರಿಯ ನಡುವೆ ಮೊಣಕಾಲುದ್ದ ಕೊರಕಲು. ಅದರ ಮಣ್ಣು, ಗರಸು ಎಲ್ಲ ಬಂದು ಕೆಳಗಿನ ರಾಗಿ ಹೊಲದ ಮೂಲೆಯಲ್ಲಿ ಕೂತು ತೆನೆ ಮುಚ್ಚಿತ್ತು. ಎತ್ತಿನ ಕಾಲು ಉಳಿಸಲು ಹೋಗಿ ಹೊಲ ಕಳೆದುಕೊಳ್ಳುವ ಹಾಗಾಯಿತು.

ಆಗ ಒಂದು ವಿಷಯ ಹೊಳೆಯಿತು. ಎತ್ತಿಗೆ ಕಷ್ಟವಾದ ಏರು ಮಣ್ಣಿಗೂ ಕಷ್ಟ. ಎತ್ತಿಗೆ ಹಿತವಾದ ಏರಿನಲ್ಲಿ ನೀರೂ ಸಾವಕಾಶ ಹೋಗುತ್ತದೆ. ಎರಡಕ್ಕೂ ಲೆಕ್ಕ ಒಂದೇ.

ಇಳಿಜಾರಿನ ಲೆಕ್ಕ

ಹತ್ತಡಿ ಗಳದ ಒಂದು ತುದಿ ಗುಡ್ಡದ ಮೇಲಿಟ್ಟು, ಗಳವನ್ನು ನೀರುಮಟ್ಟಕ್ಕೆ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಂತ ಅಳೆಯಿರಿ. ನಮ್ಮಲ್ಲಿ ಮೂರಡಿ ಬಂತು. ಅಂದರೆ ಗುಡ್ಡ ಹತ್ತಕ್ಕೆ ಮೂರು. ದಾರಿಯ ಏರು ಗುಡ್ಡದ ಏರಿನ ಅರ್ಧವನ್ನು ದಾಟಬಾರದು. ದಾಟಿದರೆ ಮೇಲಿಂದ ಬಂದ ನೀರು ದಾರಿಯನ್ನು ಅಡ್ಡ ದಾಟುವುದಿಲ್ಲ, ದಾರಿಯನ್ನೇ ಹಿಡಿದು ಓಡುತ್ತದೆ. ನಮಗೆ ಅರ್ಧ ಅಂದರೆ ಹತ್ತಕ್ಕೆ ಒಂದೂವರೆ. ನಾವು ಇನ್ನೂ ಇಳಿಸಿ ಹತ್ತಕ್ಕೆ ಒಂದು ಇಟ್ಟುಕೊಂಡೆವು. ನೆಲ ಚಪ್ಪಟೆ ಇದ್ದಷ್ಟೂ ದಾರಿ ಇನ್ನೂ ಸಣ್ಣ ಏರಿನದಾಗಬೇಕು.

ಗುರುತು ಹಾಕಲು ಇಂಜಿನಿಯರು ಬೇಡ. ಏಳಡಿಯ ಎರಡು ಬಿದಿರು ಗಳ ತಗೊಂಡು ತುದಿ ಸೇರಿಸಿ ಕಟ್ಟಿ. ಕೆಳಗಿನ ಕಾಲುಗಳ ನಡುವೆ ಸರಿಯಾಗಿ ಆರಡಿ ಇರಲಿ. ನಡುವೆ ಅಡ್ಡಪಟ್ಟಿ ಕಟ್ಟಿದರೆ ಇಂಗ್ಲಿಷಿನ 'ಎ' ಅಕ್ಷರದ ಹಾಗೆ ಆಗುತ್ತದೆ. ಮೇಲಿನ ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಕಲ್ಲಿನ ಮೇಲೆ ಕಾಲೂರಿಸಿ, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಿ. ಕಾಲುಗಳನ್ನು ಅದಲು ಬದಲು ಮಾಡಿ ಅದೇ ಕಲ್ಲುಗಳ ಮೇಲಿಟ್ಟು ಇನ್ನೊಂದು ಗುರುತು ಮಾಡಿ. ಎರಡರ ನಟ್ಟನಡುವೆ ಇರುವುದೇ ನೀರುಮಟ್ಟ.

ಇಷ್ಟಾದ ಮೇಲೆ ಒಂದು ಕಾಲಿನ ಅಡಿಗೆ ಏಳು ಇಂಚಿನ ಮರದ ತುಂಡು ಬಿಗಿಯಾಗಿ ಕಟ್ಟಿ. ಉದ್ದದ ಕಾಲು ಯಾವಾಗಲೂ ಇಳಿಜಾರಿನ ಕಡೆಗೆ. ದಾರ ನಡುಗುರುತಿಗೆ ಬಂದರೆ ಅಲ್ಲಿ ಆರಡಿಗೆ ಏಳು ಇಂಚು, ಹೆಚ್ಚುಕಮ್ಮಿ ಹತ್ತಕ್ಕೆ ಒಂದು ಏರು ಇದೆ ಅಂತ ಅರ್ಥ. ಕಾಲೂರಿದಲ್ಲೆಲ್ಲ ಗೂಟ ಹೊಡೆದು ಸುಣ್ಣ ಎಳೆಯುತ್ತ ಹೋದೆವು. ನೂರೈವತ್ತು ಅಡಿಯ ದಾರಿ ಆರುನೂರೈವತ್ತು ಅಡಿ ಆಯಿತು. ಎತ್ತರ ಮಾತ್ರ ಅದೇ, ಸುಮಾರು 45 ಅಡಿ.

ಅಗೆಯುವ ಕ್ರಮ

2020ರ ದೀಪಾವಳಿ ಕಳೆದ ಮೇಲೆ, ನೆಲದಲ್ಲಿ ಇನ್ನೂ ತೇವ ಇದ್ದಾಗ ಶುರು ಮಾಡಿದೆವು. ಬೇಸಿಗೆಯಲ್ಲಾದರೆ ನಮ್ಮ ಗರಸಿಗೆ ಪಿಕಾಸಿಯೂ ನಾಟುವುದಿಲ್ಲ. ಬೆಳಿಗ್ಗೆ ಹೊತ್ತು ಮಾತ್ರ ಅಗೆದು ಸಂಕ್ರಾಂತಿಗೆ ಮುಗಿಸಿದೆವು. ಲೆಕ್ಕ ಹಾಕಿದರೆ 30 ಆಳಿನ ಕೆಲಸ. ಕೂಲಿ ಕೊಡಲಿಲ್ಲ, ಸಾಮಾನು ಕೊಳ್ಳಲಿಲ್ಲ. ಅನುಭವದಿಂದ ಕಲಿತದ್ದು ಇಷ್ಟು:

ಅಗಲ ನಾಲ್ಕಡಿ ಸಾಕು. ಎತ್ತನ್ನು ಜೋಡಿಯಾಗಿ ಅಲ್ಲ, ಒಂದರ ಹಿಂದೆ ಒಂದು ನಡೆಸಬೇಕು. ಜೋಡಿಗೆ ಅಂತ ಏಳಡಿ ಅಗೆಯಲು ಹೋದರೆ ಮಣ್ಣಿನ ಕೆಲಸ ಮೂರರಷ್ಟಾಗುತ್ತದೆ.

ನಾಲ್ಕಡಿಯನ್ನೂ ಗುಡ್ಡದ ಒಳಕ್ಕೆ ಕಡಿದು, ಗಟ್ಟಿ ನೆಲದ ಮೇಲೇ ದಾರಿ ಮಾಡಿ. ಎರಡಡಿ ಕಡಿದು, ಆ ಮಣ್ಣನ್ನೇ ಹೊರಗೆ ಹಾಕಿ ಎರಡಡಿ ಮಾಡೋಣ ಅನ್ನುವ ಆಸೆ ಬೇಡ. ಎತ್ತಿಗೆ ಅಂಚಿನಲ್ಲೇ ನಡೆಯುವ ಚಾಳಿ. ತುಂಬಿದ ಮಣ್ಣು ಅದರ ಭಾರಕ್ಕೆ ಕುಸಿಯುತ್ತದೆ. ಕಡಿದ ಮಣ್ಣನ್ನು ನಾವು ಹೊತ್ತು ತಂದು ಹೊಲದ ಬದುವಿಗೆ ಹಾಕಿದೆವು. ಕಲ್ಲು ಸಿಕ್ಕಿದ್ದನ್ನೆಲ್ಲ ಒಂದು ಕಡೆ ಒಟ್ಟಿ ಇಟ್ಟೆವು, ಮುಂದೆ ಬೇಕಾಗುತ್ತದೆ.

ದಾರಿಯ ಹೊರಬದಿ ಒಳಬದಿಗಿಂತ ಎರಡು ಇಂಚು ತಗ್ಗಾಗಿರಲಿ. ಬಿದ್ದ ನೀರು ಅಲ್ಲಲ್ಲೇ ಹೊರಗೆ ಹಾರಿಹೋಗುತ್ತದೆ. ಎರಡು ಇಂಚಿಗಿಂತ ಹೆಚ್ಚಾದರೆ ಎತ್ತಿನ ಕಾಲು ಓರೆಯಾಗಿ ಊರಿ ಗೆಣ್ಣು ನೋಯುತ್ತದೆ.

ನಲವತ್ತು ಐವತ್ತು ಅಡಿಗೊಂದು ತಗ್ಗು ಬೇಕೇ ಬೇಕು. ಏರುತ್ತ ಬಂದ ದಾರಿಯನ್ನು ಎಂಟು ಹತ್ತು ಅಡಿ ಉದ್ದಕ್ಕೆ ಅರ್ಧ ಮುಕ್ಕಾಲು ಅಡಿಯಷ್ಟು ಇಳಿಸಿ, ಮತ್ತೆ ಏರಿಸಬೇಕು. ಮೇಲಿಂದ ದಾರಿ ಹಿಡಿದು ಬಂದ ನೀರು ಈ ತಗ್ಗಿಗೆ ಬಂದು ಮುಂದೆ ಹೋಗಲಾರದೆ ಹೊರಗೆ ಬೀಳುತ್ತದೆ. ಅದು ಬೀಳುವ ಜಾಗಕ್ಕೆ ಒಟ್ಟಿದ್ದ ಕಲ್ಲು ಹಾಸಿ, ಅದರ ಕೆಳಗೆ ಲಾವಂಚ ನೆಟ್ಟೆವು. ಮೊದಲು ನಾವು ಅಡ್ಡ ಮರದ ದಿಮ್ಮಿ ಇಟ್ಟು ನೋಡಿದ್ದೆವು. ಎರಡು ಮಳೆಗೆ ಅದರ ಹಿಂದೆ ಮಣ್ಣು ತುಂಬಿ ನೀರು ಮೇಲೇ ಹರಿಯಿತು, ಎತ್ತೂ ಎಡವಿತು. ತಗ್ಗೇ ವಾಸಿ.

ತಿರುವು ಕಮ್ಮಿ ಇದ್ದಷ್ಟೂ ಒಳ್ಳೆಯದು. ನಮ್ಮಲ್ಲಿ ಎರಡೇ. ಇದ್ದುದರಲ್ಲಿ ಮಟ್ಟಸ ಜಾಗ ಹುಡುಕಿ, ಹನ್ನೆರಡು ಅಡಿ ಅಗಲ ಸಮ ಮಾಡಿ, ಕೆಳಬದಿಗೆ ಒಣಕಲ್ಲಿನ ಕಟ್ಟೆ ಕಟ್ಟಿದೆವು. ನೆತ್ತಿಯಲ್ಲಿ ಹೊಂಗೆ ಮರದ ಬುಡದಲ್ಲಿ ಹದಿನೈದಡಿ ಸಮ ಜಾಗ. ಎತ್ತು ನಿಂತು ಉಸಿರಾಡಿ ತಿರುಗಲಿಕ್ಕೆ ಅದು ಸಾಕು.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಒಂದು ಕೊಡ ನೀರು ದಾರಿಯ ನಡುವೆ ಸುರಿಯಿರಿ. ನಾಲ್ಕೈದು ಹೆಜ್ಜೆಯೊಳಗೆ ಹೊರಗೆ ಹೋದರೆ ಸರಿ. ದಾರಿ ಹಿಡಿದು ನಡೆದರೆ ಮತ್ತೆ ಸನಿಕೆ ಎತ್ತಿ.

ಒಂದು ಎಚ್ಚರಿಕೆ: ಈ ಕೆಲಸ ಸ್ವಂತ ಖಾತೆಯ ನೆಲದಲ್ಲಿ ಮಾತ್ರ. ಅರಣ್ಯದಲ್ಲೋ ಗೋಮಾಳದಲ್ಲೋ ಕೇಳದೆ ಅಗೆದು ತೊಂದರೆ ತಂದುಕೊಳ್ಳಬೇಡಿ.

ನಡೆಸುವ ಕ್ರಮ

ದಾರಿ ಮಾಡಿದ್ದೇ ಸಾಹಸ ಅಂತ ಮೊದಲ ದಿನವೇ ನಾಲ್ಕು ಸುತ್ತು ಹೊಡೆಸಿದರೆ ಮತ್ತೆ ಅದೇ ಕಥೆ. ನಾನು ಅಶ್ವಿನಿ ಮಳೆಯ ಹೊತ್ತಿಗೆ, ಅಂದರೆ ಏಪ್ರಿಲ್ ನಡುವೆ ಶುರು ಮಾಡುತ್ತೇನೆ. ಬಿತ್ತನೆಗೆ ಹನ್ನೆರಡು ವಾರ ಸಿಕ್ಕುತ್ತದೆ.

ಮೊದಲ ಎರಡು ವಾರ ದಿನ ಬಿಟ್ಟು ದಿನ, ಮಟ್ಟಸ ನೆಲದಲ್ಲಿ ಮತ್ತು ಮೊದಲ ತಿರುವಿನವರೆಗೆ ಮಾತ್ರ. ಇಪ್ಪತ್ತು ನಿಮಿಷ. ಮೂರು, ನಾಲ್ಕನೇ ವಾರ ನೆತ್ತಿಯವರೆಗೆ ಒಂದು ಸುತ್ತು, ಎರಡೂ ತಿರುವಿನಲ್ಲಿ ನಿಲ್ಲಿಸಿ. ಐದರಿಂದ ಏಳನೇ ವಾರ ಎರಡು ಸುತ್ತು, ಎಂಟರಿಂದ ಹತ್ತನೇ ವಾರ ಮೂರು, ಆಮೇಲೆ ನಾಲ್ಕು. ನಾಲ್ಕು ಸುತ್ತು ಅಂದರೆ ಹೋಗಿ ಬರುವುದು ಸೇರಿ ಸುಮಾರು ಒಂದು ಮೈಲಿ. ವಾರಕ್ಕೆ ಐದು ದಿನಕ್ಕಿಂತ ಹೆಚ್ಚು ಬೇಡ. ಕಾಲಿಗೆ ಕಸುವು ಬರುವುದು ಕೆಲಸದ ದಿನ ಅಲ್ಲ, ಬಿಡುವಿನ ದಿನ. ಕೊನೆಯ ಮೂರು ವಾರ ನೊಗ ಹಾಕಿ, ಮಟ್ಟಸ ನೆಲದಲ್ಲಿ ಸಣ್ಣ ದಿಮ್ಮಿ ಎಳೆಸುತ್ತೇನೆ. ಹೆಗಲಿನ ಚರ್ಮವೂ ಗಟ್ಟಿಯಾಗಬೇಕಲ್ಲ. ಗುಡ್ಡದಲ್ಲಿ ಭಾರ ಎಳೆಸುವುದೇ ಇಲ್ಲ.

ಇಳಿಯುವಾಗ ನಾನು ಮುಂದೆ ನಿಂತು ತಡೆದು ತಡೆದು ಇಳಿಸುತ್ತೇನೆ. ಎತ್ತು ದುಡುದುಡು ಇಳಿದರೆ ಏಟೆಲ್ಲ ಮುಂಗಾಲಿಗೆ.

ಕುದುರೆಗೂ ಎತ್ತಿಗೂ ವ್ಯತ್ಯಾಸ ಇದೆ. ಕುದುರೆ ಮೈಯೆಲ್ಲ ಬೆವರಿ ಶಾಖ ಕಳೆದುಕೊಳ್ಳುತ್ತದೆ, ಎತ್ತು ಅಷ್ಟು ಬೆವರುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಮುಗಿಸಿ. ಬಾಯಿ ತೆರೆದು ನಾಲಿಗೆ ಚಾಚಿದರೆ ಅಲ್ಲೇ ನಿಲ್ಲಿಸಿ ನೆರಳಿಗೆ ತನ್ನಿ, ನೀರು ಕೊಡಿ. ಇನ್ನೊಂದು, ಎತ್ತು ಮೆಲುಕು ಹಾಕುವ ಪ್ರಾಣಿ. ಹೊಟ್ಟೆ ತುಂಬ ಮೇವು ತಿಂದ ಕೂಡಲೇ ಹೊರಡಿಸಬೇಡಿ, ಬಂದ ಮೇಲೆ ಮಲಗಿ ಮೆಲುಕು ಹಾಕಲು ಬಿಡಿ.

ಮೂರು ಗುರುತು

ಹೆಚ್ಚಾಯಿತೋ ಕಮ್ಮಿಯಾಯಿತೋ ಅಂತ ಹೇಗೆ ಗೊತ್ತಾಗುತ್ತದೆ? ನಾನು ನೋಡುವುದು ಮೂರು.

ಒಂದು, ಉಸಿರು. ಹೊರಡುವ ಮುಂಚೆ ಪಕ್ಕೆ ನೋಡಿ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ. ಗುಡ್ಡ ಇಳಿದು ಕಾಲು ಗಂಟೆ ನಿಂತ ಮೇಲೆ ಮತ್ತೆ ಎಣಿಸಿ. ಮೊದಲಿನ ಲೆಕ್ಕದ ಹತ್ತಿರಕ್ಕೆ ಬಂದಿರಬೇಕು. ಬರದಿದ್ದರೆ ನಾಳೆ ಒಂದು ಸುತ್ತು ಕಮ್ಮಿ.

ಎರಡು, ಕಾಲು. ಸಂಜೆ ಎರಡು ಮುಂಗಾಲನ್ನೂ ಮೊಣಕಾಲಿನ ಕೆಳಗೆ ಕೈಯಲ್ಲಿ ಹಿಡಿದು ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಅಥವಾ ದಪ್ಪವಾಗಿದ್ದರೆ ಕುಂಟದೇ ಇದ್ದರೂ ಬಿಡುವು ಕೊಡಿ. ತಣ್ಣೀರು ಹುಯ್ಯಿರಿ. ಎರಡು ದಿನಕ್ಕೆ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಚೆನ್ನನ ಕಾಲನ್ನು ನಾನು ಮೊದಲ ದಿನ ಸಂಜೆಯೇ ಮುಟ್ಟಿ ನೋಡಿದ್ದರೆ ಅವನು ಉಳಿಯುತ್ತಿದ್ದ.

ಮೂರು, ಗೊರಸು. ಗರಸು ನೆಲದಲ್ಲಿ ಗೊರಸು ಸವೆಯುತ್ತದೆ, ಸಂದಿನಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ಬಂದ ಕೂಡಲೇ ನೋಡಿ ತೆಗೆಯಿರಿ. ದಾರಿಯಲ್ಲಿ ಜಾಲಿ ಮುಳ್ಳು ಬೀಳದ ಹಾಗೆ ಪಕ್ಕದ ಕೊಂಬೆ ಸವರಿರಿ.

ಹಿಂಡಿ, ಹುರುಳಿಯನ್ನು ಕೆಲಸ ಏರಿದ ಹಾಗೆ ಏರಿಸಿ. ಮೊದಲೇ ಸುರಿದರೆ ಬರುವುದು ಕೊಬ್ಬು, ಬಲ ಅಲ್ಲ.

ಬಂದ ಫಲ

2021ರಿಂದ ಪ್ರತಿ ವರ್ಷ ಹೀಗೇ ನಡೆಸುತ್ತಿದ್ದೇನೆ. ಇದುವರೆಗೆ ಬಿತ್ತನೆಯ ನಡುವೆ ಎತ್ತು ನಿಂತಿಲ್ಲ. ಬಿತ್ತನೆಯಲ್ಲೂ ಮೊದಲಿನ ಹಾಗೆ ಬೆಳಗಿನಿಂದ ಸಂಜೆವರೆಗೆ ಹೊಡೆಯುವುದಿಲ್ಲ. ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ಎರಡು ಗಂಟೆ. ಆದರೂ ಹದ ಇರುವಾಗಲೇ ಮುಗಿಯುತ್ತದೆ, ಯಾಕೆಂದರೆ ಎತ್ತು ನಡುನಡುವೆ ನಿಲ್ಲುವುದಿಲ್ಲ.

ದಾರಿಯೂ ನಿಂತಿದೆ. ಮೊದಲ ಜೋರು ಮಳೆಯ ಮಾರನೇ ದಿನ ಸನಿಕೆ ಹಿಡಿದು ಒಂದು ಸಲ ಹೋಗಿ ಬರುತ್ತೇನೆ. ತಗ್ಗಿನಲ್ಲಿ ಕೂತ ಮಣ್ಣು ತೆಗೆದರೆ ವರ್ಷಕ್ಕೆ ಅಷ್ಟೇ ಕೆಲಸ. ಊರ ಹುಡುಗರು ಒಂದು ಸಲ ಬೈಕು ಹತ್ತಿಸಿ ಗಾಲಿ ಜಾಡು ಮಾಡಿದ್ದರು, ಆ ಜಾಡಿನಲ್ಲೇ ನೀರು ಹರಿಯಿತು. ಈಗ ಬುಡದಲ್ಲಿ ಗಳ ಅಡ್ಡ ಹಾಕಿದ್ದೇನೆ.

ಒಂದು ಮಾತು ಮುಚ್ಚಿಡಬಾರದು. ಚೆನ್ನನ ಕಾಲು ಈ ದಾರಿಯಿಂದ ವಾಸಿಯಾಗಲಿಲ್ಲ. ಊತ ಇಳಿದು ಕುಂಟುವುದು ನಿಂತಿತು, ಕೂರಿಗೆಗೆ ಮಾತ್ರ ಮತ್ತೆ ಆಗಲಿಲ್ಲ. ಕೆಟ್ಟ ಕಾಲಿಗೆ ಇದು ಮದ್ದಲ್ಲ, ಕೆಡದ ಹಾಗೆ ನೋಡಿಕೊಳ್ಳುವ ದಾರಿ ಅಷ್ಟೇ. ಅವನನ್ನು ಮಾರಲು ಮನಸ್ಸು ಬರಲಿಲ್ಲ. ಹಟ್ಟಿಯಲ್ಲೇ ಇದ್ದಾನೆ.

ಗುಡ್ಡ ಇಲ್ಲದವರು ಏನು ಮಾಡೋದು ಅಂತ ಕೇಳುತ್ತಾರೆ. ಬಂಡಿ ದಾರಿಯಲ್ಲಿ ನಡೆಸಿ, ಕೆರೆ ಏರಿಯ ಮೇಲೆ ನಡೆಸಿ. ಏರು ಇಲ್ಲದಿದ್ದರೆ ಸ್ವಲ್ಪ ಹೆಚ್ಚು ದೂರ, ಹೆಚ್ಚು ದಿನ ಹಿಡಿಯುತ್ತದೆ. ಟಾರು ರಸ್ತೆ ಆದಷ್ಟು ಬಿಡಿ. ಮುಖ್ಯವಾದದ್ದು ಗುಡ್ಡ ಅಲ್ಲ. ನೊಗ ಹಾಕುವ ದಿನಕ್ಕೆ ಮೂರು ತಿಂಗಳು ಮುಂಚೆಯೇ ಎತ್ತನ್ನು ಗೂಟದಿಂದ ಬಿಚ್ಚುವುದು ಮುಖ್ಯ.

ಈ ವರ್ಷ ಪಕ್ಕದ ಹೊಲದವರು ಬಂದು, "ಬೆಳಿಗ್ಗೆ ನಿಮ್ಮ ಎತ್ತು ಇಳಿದ ಮೇಲೆ ನಮ್ಮದೂ ಒಂದು ಸುತ್ತು ಹತ್ತಿಸಲಾ ಅಣ್ಣ?" ಅಂದರು. ಮೊದಲು ನಕ್ಕವರಲ್ಲಿ ಅವರೂ ಒಬ್ಬರು. ಗಳ ತೆಗೆದು ಒಳಗೆ ಬಿಟ್ಟೆ.